210 ಮೀಟರ್ ಆಚೆಯ ವೈಫೈಯನ್ನು ಫ್ಲಾಟಿನ ಮೂಲೆಮೂಲೆಗೆ ತಂದ ಕೆಲಸದ ದಾಖಲೆ

ಜಾಗ ಮಂಗಳೂರು. ಗುಡ್ಡದ ಮೇಲೊಂದು ಹಳೆಯ ಹೆಂಚಿನ ಮನೆ, ಕೆಳಗಿನ ತಗ್ಗಿನಲ್ಲಿ ಹೊಸ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯ ಎರಡು ಬೆಡ್‌ರೂಮಿನ ಫ್ಲಾಟು. ಎರಡೂ ಒಂದೇ ಕುಟುಂಬದವು. ಮನೆಗೆ 100 ಎಂಬಿಪಿಎಸ್ ಫೈಬರ್ ಇದೆ. ಫ್ಲಾಟಿಗೆ ಇನ್ನೂ ಯಾವ ಕೇಬಲ್ಲೂ ಬಂದಿಲ್ಲ, ಮೊಬೈಲ್ ಡೇಟಾ ತಗ್ಗಿನಲ್ಲಿ ನಿಲ್ಲುವುದಿಲ್ಲ. ನಕ್ಷೆಯಲ್ಲಿ ನೇರ ಗೆರೆ ಎಳೆದರೆ ನಡುವಿನ ದೂರ 210 ಮೀಟರ್. ಆ ಗೆರೆಯ ಮೇಲೆ ಐದು ತೆಂಗಿನ ಮರಗಳಿವೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ದೂರದ ಸಿಗ್ನಲನ್ನು ಗಾಳಿಯಲ್ಲಿ ಒಂದೇ ಒಂದು ಸಲ ದಾಟಿಸಬೇಕು. ಅದೂ ಕಣ್ಣಿಗೆ ಕಾಣುವಷ್ಟು ತೆರವಾದ ದಾರಿಯಲ್ಲಿ, ಎರಡೂ ತುದಿಗೆ ದಿಕ್ಕಿಗೆ ತಿರುಗಿಸುವ ಆಂಟೆನಾ ಇಟ್ಟು. ಬಾಲ್ಕನಿಯಿಂದ ಒಳಕ್ಕೆ ತಂತಿ. ಇದನ್ನು ಬಿಟ್ಟು ಸುಲಭದ ದಾರಿ ಹುಡುಕಿದ್ದಕ್ಕೆ ಇಲ್ಲಿ ಮೂರು ವಾರವೂ ನಾಲ್ಕು ಸಾವಿರಕ್ಕೂ ಮೇಲೆ ದುಡ್ಡೂ ಹೋಗಿದೆ. ಆ ಲೆಕ್ಕವೂ ಕೆಳಗಿದೆ.

ಫೆಬ್ರವರಿ 2: ಅಳತೆ

ಸಾಮಾನು ಕೊಳ್ಳುವ ಮೊದಲು ಅಳೆಯಬೇಕು. ಆಂಡ್ರಾಯ್ಡ್ ಫೋನಿಗೆ ಉಚಿತ ವೈಫೈ ಅನಲೈಸರ್ ಆ್ಯಪ್ ಸಾಕು. ಫೋನಿನ ಮೇಲಿನ ಕಡ್ಡಿಗಳನ್ನು ನಂಬಬಾರದು, ಸಿಗ್ನಲಿನ ಬಲ ಹೇಳುವ ಡಿಬಿಎಂ ಅಂಕಿಯನ್ನೇ ನೋಡಬೇಕು; ಅದು ಮೈನಸ್‌ನಲ್ಲಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಒಂದೇ ಕಡೆ ಅರ್ಧ ನಿಮಿಷ ನಿಂತು, ಫೋನನ್ನು ಮೈಗೆ ಅಂಟಿಸದೆ ಕೈ ಚಾಚಿ ಹಿಡಿಯಬೇಕು. ನಡುವೆ ನಮ್ಮ ದೇಹ ಅಡ್ಡ ಬಂದರೇ ಅಂಕಿ 5ರಿಂದ 10 ಇಳಿಯುತ್ತದೆ.

ಮೈನಸ್ 50ರಿಂದ 60 ಇದ್ದರೆ ಸುಖ. 67ರವರೆಗೆ ವಿಡಿಯೋ ಕರೆ ಸರಾಗ. 75 ದಾಟಿದರೆ ತೊಡಕು ಶುರು. 85 ಅಂದರೆ ನೆಟ್‌ವರ್ಕಿನ ಹೆಸರಷ್ಟೇ ಕಾಣುತ್ತದೆ, ಕೆಲಸ ನಡೆಯುವುದಿಲ್ಲ. ಮೂರು ಇಳಿದರೆ ಶಕ್ತಿ ಅರ್ಧ, ಹತ್ತು ಇಳಿದರೆ ಹತ್ತನೇ ಒಂದು ಎಂಬುದು ನೆನಪಿರಲಿ.

ಬಾಲ್ಕನಿಯಲ್ಲಿ ಮನೆಯ ರೂಟರಿನ 2.4 ಗಿಗಾಹರ್ಟ್ಸ್ ಸಿಗ್ನಲ್ -86ರಿಂದ -90ರ ನಡುವೆ ಕುಣಿಯುತ್ತಿತ್ತು. 5 ಗಿಗಾಹರ್ಟ್ಸ್ ಕಾಣಲೇ ಇಲ್ಲ. ಹಾಲಿನೊಳಗೆ ಕಾಲಿಟ್ಟರೆ ಎರಡೂ ಇಲ್ಲ.

ಫೆಬ್ರವರಿ 5: ಎಕ್ಸ್‌ಟೆಂಡರ್, ಕೆಲಸಕ್ಕೆ ಬರಲಿಲ್ಲ

ಪ್ಲಗ್ಗಿಗೆ ಚುಚ್ಚುವ ಎಕ್ಸ್‌ಟೆಂಡರ್, ₹1,450. ಬಾಲ್ಕನಿಯ ಸಾಕೆಟ್ಟಿಗೆ ಹಾಕಿದಾಗ ಹಸಿರು ದೀಪ ಬಂತು, ಫೋನಿನಲ್ಲಿ ಕಡ್ಡಿಗಳೂ ತುಂಬಿದವು. ವೇಗ ಮಾತ್ರ 1.5ರಿಂದ 3 ಎಂಬಿಪಿಎಸ್. ಪಿಂಗ್ (ಕಳಿಸಿದ್ದಕ್ಕೆ ಉತ್ತರ ಬರುವ ಸಮಯ) ಒಮ್ಮೆ 40 ಮಿಲಿಸೆಕೆಂಡ್, ಮರುಕ್ಷಣ 700. ಮೆಸೇಜ್ ಹೋಗುತ್ತದೆ, ಕರೆ ನಿಲ್ಲುವುದಿಲ್ಲ.

ತುಂಬಿದ ಕಡ್ಡಿಗಳು ಹೇಳುವುದು ಫೋನಿಗೂ ಎಕ್ಸ್‌ಟೆಂಡರಿಗೂ ನಡುವಿನ ಮಾತನ್ನು. ಎಕ್ಸ್‌ಟೆಂಡರಿಗೂ ಮನೆಯ ರೂಟರಿಗೂ ನಡುವೆ ಅದೇ -87. ಹರಿದ ಸಿಗ್ನಲನ್ನು ಜೋರಾಗಿ ಮತ್ತೊಮ್ಮೆ ಕೂಗಿದರೆ ಅದು ಹರಿದೇ ಇರುತ್ತದೆ. ಮೇಲಾಗಿ ಕೇಳುವುದಕ್ಕೂ ಹೇಳುವುದಕ್ಕೂ ಒಂದೇ ರೇಡಿಯೋ ಆದ್ದರಿಂದ ಸಿಕ್ಕಿದ ವೇಗದಲ್ಲೂ ಸುಮಾರು ಅರ್ಧ ಕಳೆಯುತ್ತದೆ. ಎಕ್ಸ್‌ಟೆಂಡರ್ ಇಡಬೇಕಾದ್ದು ಸಿಗ್ನಲ್ ಇನ್ನೂ -65ರ ಆಸುಪಾಸು ಇರುವ ಕಡೆ, ಅಂದರೆ ನಡುದಾರಿಯಲ್ಲಿ. ಇಲ್ಲಿ ನಡುದಾರಿಯಲ್ಲಿರುವುದು ಗಾಳಿ ಮತ್ತು ತೆಂಗಿನ ಮರ.

ಫೆಬ್ರವರಿ 12ರಿಂದ 16: ಒಂದೇ ತುದಿಗೆ ಆಂಟೆನಾ, ಅರ್ಧ ಫಲ

ಹೊರಾಂಗಣದ 2.4 ಗಿಗಾಹರ್ಟ್ಸ್ ಸಿಪಿಇ (ಒಂದು ದಿಕ್ಕಿಗೆ ತಿರುಗಿಸಿಡುವ ವೈಫೈ ಪೆಟ್ಟಿಗೆ) ಒಂದು, 9 ಡಿಬಿಐ (ಆಂಟೆನಾದ ಬಲದ ಅಳತೆ) ಆಂಟೆನಾ ಒಳಗೇ ಇರುವಂಥದ್ದು, ₹2,900. ಬಾಲ್ಕನಿ ಗ್ರಿಲ್ಲಿನ ಹೊರಗೆ ಕಟ್ಟಿ, ಬೇರೆ ರೂಟರಿನ ಸಿಗ್ನಲ್ ಹಿಡಿಯುವ ಕ್ಲೈಂಟ್ ಮೋಡಿನಲ್ಲಿಟ್ಟು, ಮನೆಯ ರೂಟರಿನ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟರೆ ಆಯಿತು. -87 ಇದ್ದದ್ದು -73ಕ್ಕೆ ಏರಿತು. ಡೌನ್‌ಲೋಡ್ 20 ಎಂಬಿಪಿಎಸ್ ಬಂತು, ಅಪ್‌ಲೋಡ್ 2ರಿಂದ 4ರಲ್ಲೇ ನಿಂತಿತು. ರಾತ್ರಿ 8ರ ಮೇಲೆ ಡೌನ್‌ಲೋಡೂ 5ಕ್ಕೆ ಕುಸಿಯಿತು.

ಸಿಪಿಇಯ ಸರ್ವೇ ಪುಟ ತೆರೆದಾಗ ಕಾರಣ ಕಂಡಿತು: 31 ನೆಟ್‌ವರ್ಕುಗಳು. ಗುಡ್ಡದ ಮೇಲಿನ ಎಲ್ಲ ಮನೆಗಳ ರೂಟರುಗಳೂ ಈ ಆಂಟೆನಾದ ಎದುರಿಗೇ ಇವೆ. ನಮ್ಮ ರೂಟರ್ ಮಾತ್ರ ಕೆಂಪುಕಲ್ಲಿನ ಗೋಡೆಯ ಹಿಂದೆ, ಟಿವಿಯ ಪಕ್ಕದಲ್ಲಿ. ಈ ಕಡೆ ಕಿವಿ ದೊಡ್ಡದಾಯಿತು, ಆ ಕಡೆ ಏನೂ ಬದಲಾಗಲಿಲ್ಲ.

ಈ ವಿಧಾನವನ್ನು ತಳ್ಳಿಹಾಕಬೇಕಿಲ್ಲ. 60–70 ಮೀಟರ್ ಒಳಗಿನ ದೂರ, ಆ ಕಡೆಯ ರೂಟರನ್ನು ಕಿಟಕಿಯ ಬಳಿ ತಂದಿಡಲು ಅವಕಾಶ, ಸುತ್ತ ಮನೆಗಳು ಕಡಿಮೆ. ಈ ಮೂರೂ ಇದ್ದರೆ ಒಂದೇ ಸಿಪಿಇ ಸಾಕು. ಇಲ್ಲಿ ಮೂರರಲ್ಲಿ ಒಂದೂ ಇರಲಿಲ್ಲ. ಅಳತೆಯ ದಿನವೇ ಇದು ತಿಳಿಯಬೇಕಿತ್ತು.

ಫೆಬ್ರವರಿ 22: ಜೋಡಿ ಸಿಪಿಇ, ಮೇಜಿನ ಮೇಲೆ ಸಿದ್ಧತೆ

ಟಿಪಿ-ಲಿಂಕ್ ಸಿಪಿಇ510 ಎರಡು, ಒಂದಕ್ಕೆ ₹3,900. 5 ಗಿಗಾಹರ್ಟ್ಸ್, 13 ಡಿಬಿಐ, 24 ವೋಲ್ಟ್ ಪ್ಯಾಸಿವ್ ಪಿಒಇ (ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟ್ ಕಳಿಸುವ) ಅಡಾಪ್ಟರ್ ಪೆಟ್ಟಿಗೆಯಲ್ಲೇ ಬರುತ್ತದೆ. ಇದರ ನೆಟ್‌ವರ್ಕ್ ಪೋರ್ಟ್ 100 ಎಂಬಿಪಿಎಸ್‌ನದು. ಪೆಟ್ಟಿಗೆಯ ಮೇಲೆ 300 ಎಂದು ಬರೆದಿದ್ದರೂ ತಂತಿಯಲ್ಲಿ 94ಕ್ಕಿಂತ ಹೆಚ್ಚು ಬರುವುದಿಲ್ಲ. 100ರ ಪ್ಲಾನಿಗೆ ತೊಂದರೆಯಿಲ್ಲ. 200, 300ರ ಪ್ಲಾನ್ ಇದ್ದವರು ಗಿಗಾಬಿಟ್ ಪೋರ್ಟಿನ ಮಾದರಿಯನ್ನೇ ಕೊಳ್ಳಬೇಕು.

ಟ್ಯಾಂಕಿನ ಮೇಲೆ ಹತ್ತಿ ಲ್ಯಾಪ್‌ಟಾಪ್ ಬಿಚ್ಚುವುದು ಬೇಡ. ಎಲ್ಲ ಸೆಟ್ಟಿಂಗೂ ಮೇಜಿನ ಮೇಲೇ ಮುಗಿಯಬೇಕು. ಎರಡನ್ನೂ ಮೂರು ಮೀಟರ್ ದೂರವಿಟ್ಟು ಬೆನ್ನು ತಿರುಗಿಸಿ, ಪವರನ್ನು ಕನಿಷ್ಠಕ್ಕೆ ಇಳಿಸಿ. ಮುಖಾಮುಖಿ ಪೂರ್ತಿ ಪವರಿನಲ್ಲಿಟ್ಟರೆ ಪರಸ್ಪರ ಕಿವಿ ಗಡಚಿಕ್ಕಿ ಲಿಂಕ್ ಹರಿಯುತ್ತದೆ, ಸಾಮಾನೇ ಕೆಟ್ಟಿದೆ ಎಂದು ಭ್ರಮೆಯಾಗುತ್ತದೆ.

ಇಲ್ಲೇ ಮೊದಲ ತಪ್ಪು. ಕಾರ್ಖಾನೆಯಿಂದ ಎರಡರ ವಿಳಾಸವೂ 192.168.0.254. ಬದಲಿಸದೆ ಜೋಡಿಸಿದ್ದರಿಂದ ಲಿಂಕ್ ಆದ ಕೂಡಲೇ ಒಂದೇ ವಿಳಾಸಕ್ಕೆ ಇಬ್ಬರು ಉತ್ತರ ಕೊಡತೊಡಗಿದರು. ಯಾವ ಸಿಪಿಇಯ ಪುಟ ತೆರೆದಿದೆ ಎಂದೇ ಗೊತ್ತಾಗದೆ, ಮನೆಯ ಕಡೆಯದಕ್ಕೆ ಕೊಡಬೇಕಾದ ಸೆಟ್ಟಿಂಗ್ ಫ್ಲಾಟಿನದಕ್ಕೆ ಹೋಯಿತು. ಎರಡನ್ನೂ ರೀಸೆಟ್ ಮಾಡಿ ಮೊದಲಿನಿಂದ ಶುರು. ಈ ಸಲ ಒಂದೊಂದನ್ನೇ ಆನ್ ಮಾಡಿ, ಮನೆಯದಕ್ಕೆ 192.168.1.251, ಫ್ಲಾಟಿನದಕ್ಕೆ 192.168.1.252 ಕೊಟ್ಟು, ಬೆನ್ನಿಗೆ ಮಾರ್ಕರಿನಿಂದ ‘ಮನೆ’, ‘ಫ್ಲಾಟ್’ ಎಂದು ಬರೆದಿಟ್ಟದ್ದು. ಆ ಬರಹ ಮುಂದೆ ಮಳೆಯಲ್ಲಿ ಬಹಳ ಉಪಯೋಗಕ್ಕೆ ಬಂತು.

ಉಳಿದ ಸೆಟ್ಟಿಂಗ್ ಇಷ್ಟು. ದೇಶ: ಭಾರತ. 5 ಗಿಗಾಹರ್ಟ್ಸನ್ನು ಹೊರಾಂಗಣದಲ್ಲೂ ಪರವಾನಗಿ ಇಲ್ಲದೆ ಬಳಸಲು 2018ರಿಂದ ಅವಕಾಶವಿದೆ, ಆದರೆ ಪವರಿನ ಮಿತಿಯೊಳಗೆ. ಬೇರೆ ದೇಶದ ಹೆಸರು ಹಾಕಿ ಪವರ್ ಏರಿಸುವುದು ತಪ್ಪು, ಈ ದೂರಕ್ಕೆ ಅನವಶ್ಯಕ ಕೂಡ. ಮನೆಯ ಕಡೆ ಸಿಗ್ನಲ್ ಕೊಡುವ ಆ್ಯಕ್ಸೆಸ್ ಪಾಯಿಂಟ್ ಮೋಡ್, ಫ್ಲಾಟಿನ ಕಡೆ ಕ್ಲೈಂಟ್ ಮೋಡ್. ಚಾನೆಲ್ 149, ಅಗಲ 40 ಮೆಗಾಹರ್ಟ್ಸ್. 52ರಿಂದ 144ರವರೆಗಿನ ಚಾನೆಲ್ ಬೇಡ. ಅಲ್ಲಿ ರೇಡಾರ್ ಕೇಳಿಸಿತು ಅನ್ನಿಸಿದರೆ ಸಾಧನ ತಾನೇ ಚಾನೆಲ್ ಬಿಟ್ಟು ಓಡುತ್ತದೆ. ದೂರವನ್ನು ಆಟೋದಲ್ಲಿ ಬಿಡದೆ 0.3 ಕಿಲೋಮೀಟರ್ ಎಂದು ಕೊಟ್ಟದ್ದು. ಭದ್ರತೆಗೆ ಡಬ್ಲ್ಯುಪಿಎ2, 24 ಅಕ್ಷರದ ಪಾಸ್‌ವರ್ಡ್, ಅಡ್ಮಿನ್ ಪಾಸ್‌ವರ್ಡ್ ಬೇರೆ.

ಒಂದೇ ಚಂದಾದಾರರ ಎರಡು ಮನೆ ಆದರೂ ಸಂಪರ್ಕ ಕೊಟ್ಟವರನ್ನು ಒಮ್ಮೆ ಕೇಳಿ ಒಪ್ಪಿಗೆ ಪಡೆದದ್ದಾಗಿದೆ. ಅಪಾರ್ಟ್‌ಮೆಂಟ್ ಸಂಘದಿಂದಲೂ. ಅಕ್ಕಪಕ್ಕದವರಿಗೆ ಹಂಚಿ ದುಡ್ಡು ಪಡೆಯುವುದು ಲೈಸೆನ್ಸಿನ ವಿಷಯ, ಆ ದಾರಿಗೆ ಹೋಗಬಾರದು.

ಮಾರ್ಚ್ 1: ಮೇಲೇರಿಸಿ ದಿಕ್ಕು ಹಿಡಿದದ್ದು

ಮನೆಯ ಕಡೆ ನೀರಿನ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡಿಗೆ ಒಂದೂವರೆ ಇಂಚಿನ, ಆರಡಿಯ ಜಿಐ ಪೈಪನ್ನು ಎರಡು ಯು-ಕ್ಲಾಂಪಿನಿಂದ ಬಿಗಿದದ್ದು. ಸಿಪಿಇ ಜೊತೆ ಬರುವ ಪ್ಲಾಸ್ಟಿಕ್ ಪಟ್ಟಿಯನ್ನು ಕರಾವಳಿಯ ಬಿಸಿಲಿಗೆ ನಂಬಲಾಗದು. ಸ್ಟೇನ್‌ಲೆಸ್ ಹೋಸ್ ಕ್ಲಿಪ್ ಎರಡು ಹಾಕಿದೆ. ಫ್ಲಾಟಿನಲ್ಲಿ ಬಾಲ್ಕನಿಯ ಗ್ರಿಲ್ಲಿನ ಹೊರಗೆ. ಮೊದಲು ಒಳಗಿಟ್ಟು ನೋಡಿದಾಗ, ಕಪ್ಪು ಫಿಲ್ಮ್ ಅಂಟಿಸಿದ ಸ್ಲೈಡಿಂಗ್ ಗಾಜು ಒಂದೇ 8 ಡಿಬಿ ನುಂಗಿತು.

ಲೆಕ್ಕದ ಪ್ರಕಾರ 20 ಡಿಬಿಎಂ ಪವರಿಗೆ ಈ ದೂರದಲ್ಲಿ -48 ಬರಬೇಕು. ಈ ಅಂಕಿ ಮೊದಲೇ ಕೈಯಲ್ಲಿರಬೇಕು, ಇಲ್ಲವಾದರೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. ಕಣ್ಣಂದಾಜಿನಲ್ಲಿ ತಿರುಗಿಸಿದಾಗ -66 ಸಿಕ್ಕಿತು. ಸ್ವಲ್ಪ ಎಡಕ್ಕೆ ಹೋದರೆ ಇಳಿಯಿತು, ಬಲಕ್ಕೆ ಹೋದರೂ ಇಳಿಯಿತು. ಇದೇ ಶಿಖರ ಎಂದು ಬೋಲ್ಟ್ ಬಿಗಿದದ್ದು ಎರಡನೇ ತಪ್ಪು. ಅದು ಆಂಟೆನಾದ ಪಕ್ಕದ ಮರಿ ಕಿರಣ. ಲೆಕ್ಕಕ್ಕಿಂತ 18 ಡಿಬಿ ಕಡಿಮೆ ಎಂಬುದು ಮತ್ತೆ ಬಿಚ್ಚುವಂತೆ ಮಾಡಿತು. ಇನ್ನೂ ಸುಮಾರು 40 ಡಿಗ್ರಿ ಬಲಕ್ಕೆ ತಿರುಗಿಸಿದಾಗ -60, -57, -54 ಎಂದು ಏರಿತು.

ಇದು ಇಬ್ಬರ ಕೆಲಸ. ಒಂದು ತುದಿ ಅಲುಗದೆ ನಿಂತಿರಬೇಕು, ಇನ್ನೊಂದನ್ನು ಐದೈದು ಡಿಗ್ರಿ ತಿರುಗಿಸಿ ಪ್ರತಿ ಸಲ ಹತ್ತು ಸೆಕೆಂಡ್ ಕಾಯಬೇಕು. ಪರದೆಯ ಅಂಕಿ ತಡವಾಗಿ ಬದಲಾಗುತ್ತದೆ. ಫೋನಿನಲ್ಲಿ ‘ಇನ್ನು ಸ್ವಲ್ಪ ಬಲಕ್ಕೆ ಮಾರಾಯ್ರೆ’ ಅಂದರೆ ಯಾರ ಬಲ ಎಂಬ ಗೊಂದಲ. ಕೆಳಗಿರುವವರು ಬರೀ ಅಂಕಿ ಓದಬೇಕು: ‘ಐವತ್ತೇಳು, ಐವತ್ತಾರು, ಐವತ್ತಾರು, ಐವತ್ತೆಂಟು, ಹಿಂದೆ ಹೋಗಿ.’ ಮೊದಲು ಅಡ್ಡಕ್ಕೆ, ಆಮೇಲೆ ಮೇಲೆ ಕೆಳಗೆ. ಒಂದು ತುದಿ ಮುಗಿದ ಮೇಲೆ ಇನ್ನೊಂದು. ಬೋಲ್ಟ್ ಬಿಗಿಯುವಾಗ ದಿಕ್ಕು ತುಸು ತಪ್ಪುತ್ತದೆ, ಬಿಗಿದ ಮೇಲೆ ಇನ್ನೊಮ್ಮೆ ಓದಿ.

ಕೊನೆಗೆ ನಿಂತದ್ದು -53. ಎರಡೂ ತುದಿಗೆ ಲ್ಯಾಪ್‌ಟಾಪ್ ಇಟ್ಟು ವೇಗ ಅಳೆಯುವ ಐಪರ್ಫ್3 ಓಡಿಸಿದಾಗ ಈ ಕಡೆಗೆ 91, ಆ ಕಡೆಗೆ 89 ಎಂಬಿಪಿಎಸ್. ಪವರನ್ನು 20ರಿಂದ 16ಕ್ಕೆ ಇಳಿಸಿದರೂ ವೇಗ ಬದಲಾಗಲಿಲ್ಲ.

ಮಾರ್ಚ್ 8ರಿಂದ 22: ಫ್ಲಾಟಿನೊಳಗೆ

ಹೊರಗಿನ ಕೆಲಸ ಒಂದು ದಿನದ್ದು, ಒಳಗಿನದು ಎರಡು ವಾರದ್ದು. ಕಾರಣ ಕೆಂಪುಕಲ್ಲು. ಎಂಟು ಇಂಚಿನ ಕಲ್ಲು, ಎರಡೂ ಕಡೆ ಗಾರೆ. ಹಾಲಿನಲ್ಲಿಟ್ಟ ರೂಟರಿನ 5 ಗಿಗಾಹರ್ಟ್ಸ್ ಹಾಲಿನಲ್ಲಿ -45, ಒಂದು ಗೋಡೆ ದಾಟಿದರೆ -63, ಎರಡು ದಾಟಿ ಒಳಗಿನ ಬೆಡ್‌ರೂಮಿಗೆ ಬಂದರೆ -81. ಅಡುಗೆಮನೆಯಲ್ಲಿ ಟೈಲ್ಸ್, ಫ್ರಿಜ್ ಎರಡೂ ಸೇರಿ ಇನ್ನೂ ಕಡಿಮೆ. 2.4 ಗಿಗಾಹರ್ಟ್ಸ್ ಎಲ್ಲ ಕಡೆ ಮುಟ್ಟುತ್ತದೆ, ಆದರೆ ಅಪಾರ್ಟ್‌ಮೆಂಟಿನ ಸದ್ದುಗದ್ದಲದಲ್ಲಿ ರಾತ್ರಿ 12 ಎಂಬಿಪಿಎಸ್ ದಾಟಲಿಲ್ಲ.

ತಂತಿಯಿಲ್ಲದೆ ಪರಸ್ಪರ ಮಾತಾಡಿ ವೈಫೈ ಹರಡುವ ಮೆಶ್ ಘಟಕಗಳ ಜೋಡಿಯೊಂದನ್ನು ಎರವಲು ತಂದು ಎರಡು ದಿನ ನೋಡಿದ್ದಾಯಿತು. ಒಳಗಿನ ರೂಮಿನ ಘಟಕಕ್ಕೆ ತಲುಪುವುದೇ -81ರ ಸಿಗ್ನಲ್ ಆದ್ದರಿಂದ ಎಕ್ಸ್‌ಟೆಂಡರಿನ ಕತೆಯೇ ಮರುಕಳಿಸಿತು. ಒಂದೇ ಗೋಡೆ ದಾಟುವ ಕಡೆ ಮೆಶ್ ಚೆನ್ನಾಗಿ ನಡೆಯುತ್ತದೆ. ಎರಡು ಕೆಂಪುಕಲ್ಲಿನ ಗೋಡೆಗೆ ಅದರ ಹಿಂದೆ ತಂತಿ ಬೇಕೇಬೇಕು.

ಹಾಗಾಗಿ ಮೂರು ಕಡೆ ವೈಫೈ: ಹಾಲಿನಲ್ಲಿ ಹೊಸ ರೂಟರ್ (₹2,400), ಒಳ ಬೆಡ್‌ರೂಮಿನಲ್ಲಿ ಹೊಸ ಆ್ಯಕ್ಸೆಸ್ ಪಾಯಿಂಟ್ (₹1,900), ಅಡುಗೆಮನೆ ಮತ್ತು ಎರಡನೇ ರೂಮಿಗೆ ಸೇರಿ ಓಣಿಯಲ್ಲಿ ಒಂದು ಹಳೆಯ ರೂಟರ್.

ಕೇಬಲ್ ಎಳೆಯಲು ಟಿವಿ ಕೇಬಲ್ಲಿನ ಮುಕ್ಕಾಲು ಇಂಚಿನ ಪೈಪ್ ಗೋಡೆಯೊಳಗೆ ಮೊದಲೇ ಇತ್ತು. ಕರೆಂಟಿನ ತಂತಿ ಇರುವ ಪೈಪಿನಲ್ಲಿ ನೆಟ್‌ವರ್ಕ್ ಕೇಬಲ್ ತೂರಿಸಬೇಡಿ. ಜಾಗ ಇದ್ದರೂ ಬೇಡ, ಅದು ಜೀವದ ಪ್ರಶ್ನೆ. ಹಳೆಯ ಟಿವಿ ಕೇಬಲ್ಲಿನ ತುದಿಗೆ ಹೊಸ ಕ್ಯಾಟ್6 ಕಟ್ಟಿ ಎಳೆದಾಗ ಎರಡನೇ ತಿರುವಿನಲ್ಲಿ ಸಿಕ್ಕಿಕೊಂಡು, ಜಗ್ಗಿದ ಬಿಗಿಗೆ ಗಂಟೇ ಕಳಚಿತು. ಹಳೆಯ ಕೇಬಲ್ ಹೊರಗೆ, ಹೊಸದು ಒಳಗೆ. ಕಟ್ಟುವಾಗ ಮೊದಲೇ ಒಂದು ನೈಲಾನ್ ದಾರವನ್ನೂ ಜೊತೆಗೆ ಎಳೆದುಕೊಂಡಿದ್ದರೆ ಈ ಅರ್ಧ ದಿನ ಉಳಿಯುತ್ತಿತ್ತು. ನೈಲಾನ್ ಸ್ಪ್ರಿಂಗ್ ತೂರಿಸಿ, ಟಾಲ್ಕಮ್ ಪೌಡರ್ ಸವರಿ, ಎರಡು ಕೇಬಲ್ಲಿನ ಬದಲು ಒಂದನ್ನೇ ಎಳೆದು ಮುಗಿಸಿದ್ದು. ಓಣಿಯ ಕೇಬಲ್ ಬಾಗಿಲ ಚೌಕಟ್ಟಿನ ಗುಂಟ ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿಯಲ್ಲಿ ಹೋಯಿತು. ಬಣ್ಣ ಹೊಡೆದ ಮೇಲೆ ಕಣ್ಣಿಗೆ ಬೀಳುವುದಿಲ್ಲ.

ಪ್ಲಗ್ಗಿನ ಬಣ್ಣದ ಕ್ರಮ, ಚಿನ್ನದ ಪಿನ್ನುಗಳು ನಮ್ಮ ಕಡೆಗಿದ್ದಾಗ ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹೊರ ಸಿಪ್ಪೆ ಪ್ಲಗ್ಗಿನೊಳಗೆ ಹೋಗಿ ಹಲ್ಲಿನಡಿ ಸಿಕ್ಕಬೇಕು. ಬರೀ ಬಣ್ಣದ ಎಳೆಗಳ ಮೇಲೆ ಒತ್ತಿದ ಪ್ಲಗ್ ಒಂದೆರಡು ತಿಂಗಳಲ್ಲಿ ಸಡಿಲವಾಗುತ್ತದೆ.

ಆಮೇಲೆ ಎರಡು ಸೆಟ್ಟಿಂಗಿನ ತಪ್ಪು. ಮೊದಲನೆಯದು, ಮನೆಯ ರೂಟರೂ 192.168.1.1, ಹಾಲಿನ ಹೊಸ ರೂಟರೂ 192.168.1.1. ಒಳಗೂ ಹೊರಗೂ ಒಂದೇ ವಿಳಾಸದ ಸಾಲು ಬಂದರೆ ರೂಟರಿಗೆ ಯಾವುದು ಯಾವ ಕಡೆ ಎಂದು ತಿಳಿಯುವುದಿಲ್ಲ. ವೈಫೈ ಇದೆ, ಇಂಟರ್ನೆಟ್ ಇಲ್ಲ. ಹಾಲಿನ ರೂಟರನ್ನು 192.168.50.1ಕ್ಕೆ ಬದಲಿಸಿದ ಕೂಡಲೇ ಸರಿಯಾಯಿತು. ಎರಡು ರೂಟರ್ ಹಿಂದೆಮುಂದೆ ಇದ್ದರೂ ಕರೆ, ಆಫೀಸಿನ ವಿಪಿಎನ್, ಟಿವಿ ಎಲ್ಲ ನಡೆಯುತ್ತಿವೆ. ಮನೆಯ ಸಾಧನಗಳೂ ಫ್ಲಾಟಿನವೂ ಬೇರೆ ಬೇರೆ ಇರಲಿ ಎಂದೇ ಹೀಗೆ ಇಟ್ಟದ್ದು.

ಎರಡನೆಯದು ಹಳೆಯ ರೂಟರಿನದು. ಅದರಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಆಫ್ ಮಾಡಲು ಮರೆತದ್ದು. ಓಣಿಯಲ್ಲಿ ಹಾದ ಫೋನುಗಳಿಗೆ ಅದು ತಾನೇ ವಿಳಾಸ ಕೊಟ್ಟು ತನ್ನ ಕಡೆಗೇ ದಾರಿ ತೋರಿಸುತ್ತಿತ್ತು. ಒಂದು ಫೋನಿಗೆ ಇಂಟರ್ನೆಟ್ ಇದೆ, ಪಕ್ಕದ ಫೋನಿಗೆ ಇಲ್ಲ, ಹತ್ತು ನಿಮಿಷದ ಮೇಲೆ ತಿರುಗಮುರುಗ. ಹಳೆಯ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮಾಡುವ ಕ್ರಮ: ವಿಳಾಸ 192.168.50.2, ಡಿಎಚ್‌ಸಿಪಿ ಆಫ್, ಕೇಬಲ್ ಲ್ಯಾನ್ ಪೋರ್ಟಿಗೆ. ಇಂಟರ್ನೆಟ್ ಒಳಬರುವ ವ್ಯಾನ್ ಪೋರ್ಟಿಗೆ ಟೇಪ್ ಅಂಟಿಸಿ ಮುಚ್ಚಿಬಿಡಿ, ಮುಂದೆ ಯಾರೂ ಅಲ್ಲಿ ಚುಚ್ಚದಿರಲಿ.

ಮೂರಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ಬಗೆಯ ಭದ್ರತೆ. 2.4ರ ಚಾನೆಲ್ 1, 6, 11 ಬೇರೆ ಬೇರೆ, ಅಗಲ 20 ಮೆಗಾಹರ್ಟ್ಸ್. 2.4ರ ಪವರನ್ನು ‘ಮೀಡಿಯಂ’ಗೆ ಇಳಿಸಿದ್ದು ಮುಖ್ಯ. ಪೂರ್ತಿ ಇದ್ದಾಗ ಒಳಗಿನ ರೂಮಿಗೆ ಹೋದ ಫೋನು ಹಾಲಿನ ದೂರದ ಸಿಗ್ನಲ್ಲಿಗೇ ಜೋತುಬಿದ್ದಿರುತ್ತಿತ್ತು. ಮಾರ್ಚ್ 22ರ ಅಳತೆ: ಹಾಲು 90, ಒಳ ಬೆಡ್‌ರೂಮ್ 88, ಎರಡನೇ ರೂಮ್ 84, ಅಡುಗೆಮನೆ 61, ಸ್ನಾನದ ಕೋಣೆ 22 ಎಂಬಿಪಿಎಸ್.

ಏಪ್ರಿಲ್ 14: ಅಗ್ಗದ ಕೇಬಲ್

ಲಿಂಕ್ ದಿನಕ್ಕೆ ಮೂರು ನಾಲ್ಕು ಸಲ ಬೀಳತೊಡಗಿತು. ಸಿಗ್ನಲ್ ಮಾತ್ರ -53ರಲ್ಲೇ. ಅಂದರೆ ಗಾಳಿಯಲ್ಲಲ್ಲ, ತಂತಿಯಲ್ಲಿ ತೊಂದರೆ. ಮನೆಯ ಕಡೆಯ ಪ್ಲಗ್ ಮುಟ್ಟಿದರೆ ದೀಪ ಆರುತ್ತದೆ, ಬಿಟ್ಟರೆ ಹತ್ತುತ್ತದೆ. ಕತ್ತರಿಸಿ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಮೀಟರಿಗೆ ₹11ಕ್ಕೆ ಸಿಕ್ಕಿದ್ದೇ ಸುಳಿವಾಗಬೇಕಿತ್ತು. ನಾಲ್ಕೈದು ಸಲ ಬಗ್ಗಿಸಿದರೆ ಎಳೆ ಪಟ್ಟನೆ ಮುರಿಯುತ್ತದೆ. ಶುದ್ಧ ತಾಮ್ರದ್ದು ಅಷ್ಟಕ್ಕೆ ಮುರಿಯುವುದಿಲ್ಲ. ಕೊಳ್ಳುವ ಮೊದಲು ಅಂಗಡಿಯಲ್ಲೇ ಒಂದು ಚೂರು ಕೇಳಿ ಕೆರೆದು ನೋಡಿ.

ಮನೆಯ ಕಡೆ 22 ಮೀಟರ್, ಫ್ಲಾಟಿನ ಕಡೆ 12, ಒಟ್ಟು 34 ಮೀಟರನ್ನೂ ಬದಲಿಸಬೇಕಾಯಿತು. ಹೊರಾಂಗಣದ ಕಪ್ಪು ಸಿಪ್ಪೆಯ, ಒಳಗೆ ಕವಚವಿರುವ, ಪೂರ್ತಿ ತಾಮ್ರದ ಕ್ಯಾಟ್5ಇ, ಮೀಟರಿಗೆ ₹32.

ಮೇ 11: ಸಿಡಿಲು

ಸಂಜೆ ಗುಡುಗಿನ ನಂತರ ಲಿಂಕ್ ಇಲ್ಲ. ಮನೆಯ ಕಡೆಯ ಪಿಒಇ ಅಡಾಪ್ಟರಿನ ಲ್ಯಾನ್ ಪೋರ್ಟ್ ಸತ್ತಿತ್ತು, ಸಿಪಿಇ ಉಳಿದಿತ್ತು. ಅಡಾಪ್ಟರನ್ನು ಚುಚ್ಚಿದ್ದ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಮೂರು ರಂಧ್ರವಿದ್ದರೂ ಒಳಗೆ ಅರ್ಥ್ ತಂತಿಯೇ ಇರಲಿಲ್ಲ. ಕವಚವಿರುವ ಕೇಬಲ್ ಹಾಕಿ ಫಲವೇನು, ಕವಚ ಹೋಗಿ ಸೇರಬೇಕಾದ ನೆಲವೇ ಇಲ್ಲದಿದ್ದರೆ?

ಹೊಸ ಅಡಾಪ್ಟರ್ ₹550. ಅದೇ 24 ವೋಲ್ಟಿನ ಪ್ಯಾಸಿವ್ ಅಡಾಪ್ಟರೇ ಆಗಬೇಕು. 48 ವೋಲ್ಟಿನ ಪ್ಯಾಸಿವ್ ಹಾಕಿದರೆ ಸಿಪಿಇ ಸುಟ್ಟುಹೋಗುತ್ತದೆ. ಅಡಾಪ್ಟರಿನಲ್ಲಿ ‘ಪಿಒಇ’ ಎಂದಿರುವ ರಂಧ್ರ ಸಿಪಿಇಗೆ, ‘ಲ್ಯಾನ್’ ರೂಟರಿಗೆ. ಅದಲುಬದಲು ಆದರೆ ರೂಟರಿನ ಪೋರ್ಟಿಗೆ ಕರೆಂಟ್ ಹೋಗುತ್ತದೆ. ಈಗ ಗೋಡೆಯ ಸಾಕೆಟ್ಟಿಗೇ ನೇರ, ಅರ್ಥ್ ಇದೆಯೆಂದು ಎಲೆಕ್ಟ್ರಿಷಿಯನ್ ಅಳೆದು ಹೇಳಿದ ಮೇಲೆ. ಸಿಪಿಇ ಕಟ್ಟಿದ ಪೈಪಿನಿಂದ ಅರ್ಥಿಂಗ್ ಗುಂಡಿಗೆ ತಾಮ್ರದ ತಂತಿ ಎಳೆಸಿದ್ದಾಗಿದೆ. ನೇರ ಸಿಡಿಲಿಗೆ ಇದ್ಯಾವುದೂ ತಡೆಯಲ್ಲ. ಗುಡುಗು ಕೇಳಿಸಿದಾಗ ಎರಡೂ ಕಡೆ ಪ್ಲಗ್ ಕಿತ್ತಿಡುವುದೇ ನಿಜವಾದ ರಕ್ಷಣೆ.

ಜೂನ್ 10ರಿಂದ ಜುಲೈ 6: ಮಳೆಗಾಲ

ಮಳೆ ಹಿಡಿದ ಮೊದಲ ವಾರ -53 ಇದ್ದದ್ದು -64ಕ್ಕೆ ಇಳಿಯಿತು, ವೇಗ 40–50ಕ್ಕೆ. ಮಳೆ ಸಿಗ್ನಲನ್ನು ತಿನ್ನುತ್ತಿದೆ ಅನ್ನುವುದು ಎಲ್ಲರ ಮೊದಲ ಮಾತು. ಆದರೆ ಈ ಬ್ಯಾಂಡಿನಲ್ಲಿ 210 ಮೀಟರಿಗೆ ಮಳೆಹನಿಯಿಂದ ಆಗುವ ನಷ್ಟ ಲೆಕ್ಕಕ್ಕೇ ಬಾರದಷ್ಟು. ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು: ಮಳೆ ನಿಂತು ಒಂದು ಗಂಟೆಯಾದರೂ ಅಂಕಿ ಏರುತ್ತಿರಲಿಲ್ಲ. ಬಿಸಿಲು ಬಂದು ಮರ ಒಣಗಿದ ಮೇಲೆ ಏರುತ್ತಿತ್ತು. ಗಾಳಿ ಬೀಸಿದರೆ -58, -66, -60 ಎಂದು ತೂಗುತ್ತಿತ್ತು, ಗರಿ ತೂಗಿದ ಹಾಗೆಯೇ.

ನೀರು ಕುಡಿದ ತೆಂಗಿನ ಗರಿಯೇ ಅಡ್ಡಿ. ನೇರ ಗೆರೆ ಬರಿ ಕಣ್ಣಿಗೆ ತೆರವಾಗಿ ಕಂಡರೆ ಸಾಲದು. ಈ ದೂರಕ್ಕೆ ನಡುಭಾಗದಲ್ಲಿ ಗೆರೆಯ ಸುತ್ತ ಒಂದೂವರೆ ಮೀಟರಿಗೂ ಹೆಚ್ಚು ಜಾಗ ಖಾಲಿ ಇರಬೇಕು, ಕನಿಷ್ಠ ಒಂದು ಮೀಟರ್. ಇಲ್ಲಿ ಎರಡನೇ ಮರದ ಗರಿಯ ತುದಿ ಗೆರೆಯಿಂದ ಎರಡೇ ಅಡಿ ದೂರದಲ್ಲಿತ್ತು. ಗರಿ ಕಡಿಸುವ ಸಲಹೆ ಬಂತು, ಬೇಡವೆಂದದ್ದಾಯಿತು. ಕಡಿದಷ್ಟೂ ಹೊಸದು ಬರುತ್ತದೆ, ಮರಕ್ಕೂ ಕೇಡು. ಆರಡಿಯ ಪೈಪಿನ ಬದಲು ಹತ್ತಡಿಯದು, ಅದೂ ಟ್ಯಾಂಕ್ ಸ್ಟ್ಯಾಂಡಿನ ಇನ್ನೊಂದು ಕಾಲಿಗೆ. ಮತ್ತೆ ದಿಕ್ಕು ಹಿಡಿದಾಗ -51. ಜೋರು ಮಳೆಯಲ್ಲೂ -55ರ ಕೆಳಗೆ ಹೋಗಿಲ್ಲ.

ಜುಲೈ 6ರಂದು ಫ್ಲಾಟಿನ ಕಡೆಯ ಸಿಪಿಇ ಪೂರ್ತಿ ಸತ್ತಿತು. ಕೆಳಗಿನ ಮುಚ್ಚಳ ಜಾರಿಸಿ ಪ್ಲಗ್ ಎಳೆದಾಗ, ಎಂಟು ಪಿನ್ನುಗಳಲ್ಲಿ ಆರು ಚಿನ್ನದ ಬಣ್ಣದಲ್ಲೇ ಹೊಳೆಯುತ್ತಿದ್ದವು. ನಡುವಿನ ಎರಡರ ಮೇಲೆ ಮಾತ್ರ ಹಸಿರು ಕಿಲುಬು, ಹಳೆಯ ದೀಪದ ಕಂಭದ ಸಂದಿಯಲ್ಲಿ ಕಟ್ಟುತ್ತದಲ್ಲ, ಹಾಗೆ. ಆ ಎರಡು 4 ಮತ್ತು 5ನೇ ಪಿನ್ನುಗಳು, ನೀಲಿ ಜೋಡಿ. ಪ್ಯಾಸಿವ್ ಪಿಒಇಯಲ್ಲಿ ಪಾಸಿಟಿವ್ ಹರಿಯುವುದು ಅದರಲ್ಲೇ. ಉಪ್ಪುಗಾಳಿಯ ತೇವ ಸೇರಿದರೆ ಮೊದಲು ತಿನ್ನಿಸಿಕೊಳ್ಳುವುದು ಪಾಸಿಟಿವ್ ಪಿನ್. ಪೋರ್ಟಿನ ಒಳಗನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ಅರ್ಧ ದಿನ ಒಣಗಿಸಿ, ಹೊಸ ಪ್ಲಗ್ ಹಾಕಿದ ಮೇಲೆ ಜೀವ ಬಂತು.

ನೀರು ಬಂದದ್ದು ಹೇಗೆಂದರೆ, ಕೇಬಲ್ ಮೇಲಿನ ಕೊಕ್ಕೆಯಿಂದ ಇಳಿಜಾರಾಗಿ ನೇರ ಸಿಪಿಇಯ ಬಾಯಿಗೆ ಬರುತ್ತಿತ್ತು, ಹನಿಗಳು ಅದರ ಗುಂಟ ಜಾರಿ ಒಳಸೇರುತ್ತಿದ್ದವು. ಈಗ ಎರಡೂ ಕಡೆ ಕೇಬಲ್ಲನ್ನು ಸಿಪಿಇಗಿಂತ ಒಂದಡಿ ಕೆಳಗೆ ಇಳಿಬಿಟ್ಟು ಮತ್ತೆ ಮೇಲಕ್ಕೆ ತಂದಿದೆ; ನೀರು ಆ ಬಳುಕಿನ ತಳದಲ್ಲೇ ತೊಟ್ಟಿಕ್ಕುತ್ತದೆ. ಗೋಡೆ ಕೊರೆದ ಕಡೆಯೂ ರಂಧ್ರ ಹೊರಕ್ಕೆ ಇಳಿಜಾರಾಗಿರಬೇಕು. ಪ್ಲಗ್ಗಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಕಡಲೆಕಾಳಿನಷ್ಟು, ಕೇಬಲ್ ಒಳಹೋಗುವ ಬಾಯಿಗೆ ತನ್ನಷ್ಟಕ್ಕೆ ಅಂಟಿಕೊಳ್ಳುವ ರಬ್ಬರ್ ಟೇಪ್. ಸಾಮಾನ್ಯ ಇನ್ಸುಲೇಷನ್ ಟೇಪ್ ಬೇಡ, ಅದರ ಅಂಟು ಬಿಸಿಲಿಗೆ ಕರಗಿ ಒಳಗೆ ನೀರು ಹಿಡಿದಿಡುತ್ತದೆ.

ಖರ್ಚು

ಉಪಯೋಗಕ್ಕೆ ಬಂದದ್ದು: ಸಿಪಿಇ ಎರಡು 7,800, ಹೊರಾಂಗಣದ ಕೇಬಲ್ 34 ಮೀಟರ್ 1,088, ಒಳಗಿನ ಕ್ಯಾಟ್6 28 ಮೀಟರ್ 672, ಪ್ಲಗ್ಗುಗಳು 240, ಗೋಡೆಯ ಪೆಟ್ಟಿಗೆ ಎರಡು 360, ಪೈಪು ಎರಡು ಮತ್ತು ಕ್ಲಾಂಪು 1,150, ಟೇಪು ಮತ್ತು ಗ್ರೀಸ್ 220, ಅರ್ಥಿಂಗ್ ತಂತಿ 480, ರೂಟರ್ 2,400, ಆ್ಯಕ್ಸೆಸ್ ಪಾಯಿಂಟ್ 1,900, ಕೇಸಿಂಗ್ ಪಟ್ಟಿ 310. ಒಟ್ಟು ₹16,620. ನೀರಿಗೆ ಹೋದದ್ದು: ಎಕ್ಸ್‌ಟೆಂಡರ್ 1,450, 2.4ರ ಸಿಪಿಇ 2,900, ಅಲ್ಯೂಮಿನಿಯಂ ಕೇಬಲ್ 374, ಅಡಾಪ್ಟರ್ 550, ಒಟ್ಟು ₹5,274. ತಿಂಗಳ ಬಾಡಿಗೆ ಎರಡನೇ ಸಂಪರ್ಕಕ್ಕೆ ಇಲ್ಲ. ಫ್ಲಾಟಿಗೆ ನಾಳೆಯೇ ಫೈಬರ್ ಬರುವುದಿದ್ದರೆ ಇಷ್ಟು ಹಾಕುವುದು ಬೇಡ. ಆದರೆ ಒಳಗಿನ ತಂತಿ, ಮೂರು ವೈಫೈ ಬಿಂದುಗಳು ಆಗಲೂ ಹಾಗೇ ಉಪಯೋಗಕ್ಕೆ ಬರುತ್ತವೆ.

ಜುಲೈ 20: ಬಾಕಿ

ಕರೆಂಟ್ ಹೋದಾಗ ಹಾಲಿನ ರೂಟರನ್ನು 12 ವೋಲ್ಟಿನ ಚಿಕ್ಕ ಯುಪಿಎಸ್ ಎತ್ತಿಹಿಡಿಯುತ್ತದೆ, ಸಿಪಿಇಗೆ 24 ವೋಲ್ಟ್ ಬೇಕಾದ್ದರಿಂದ ಅದು ಸಾಲುವುದಿಲ್ಲ. ಮನೆಯ ಕಡೆ ಇನ್ವರ್ಟರ್ ಇದೆ, ಫ್ಲಾಟಿನ ಕಡೆ 24 ವೋಲ್ಟ್ ಕೊಡುವ ಯುಪಿಎಸ್ ಹುಡುಕಬೇಕು. ಅಕ್ಟೋಬರಿನ ಗುಡುಗು ಶುರುವಾಗುವ ಮೊದಲು ಎರಡೂ ತುದಿಗೆ ಸರ್ಜ್ ಪ್ರೊಟೆಕ್ಟರ್. ಮೂರು ತಿಂಗಳಿಗೊಮ್ಮೆ ಪ್ಲಗ್ ಬಿಚ್ಚಿ 4, 5ನೇ ಪಿನ್ ನೋಡುವುದು; ಮುಂದಿನದು ಅಕ್ಟೋಬರ್ 5.